ಎತ್ತರ ಸೊನ್ನೆ

ನನ್ನ ಪರದೆಯಲ್ಲಿ ಎಲ್ಲವೂ ಮಲಗಿರುತ್ತವೆ.
ಮೇಲಿನ ತಾಮ್ರದ ಹಾದಿಗಳು ಕೆಂಪು, ಕೆಳಗಿನವು ನೀಲಿ,
ನಡುವೆ ಬಿಳಿಯಲ್ಲಿ ಹೆಸರು: ಆರ್ ಹದಿನೇಳು, ಸಿ ನಾಲ್ಕು.
ಒಂದಕ್ಕೊಂದು ತಾಕದ ಹಾಗೆ
ಎಂಟು ಮಿಲ್ ಅಂತರ ಕಾಯುತ್ತ ಕೂತರೆ
ಉದ್ಯಮಬಾಗದ ಎರಡನೇ ಪಾಳಿಯ ಭೋಂಗಾ
ಊದಿದ್ದೂ ತಿಳಿಯುವುದಿಲ್ಲ.

ಗೋಡೆಯಾಚೆ ಪುಂಡಲೀಕ ಯಳ್ಳೂರಕರನ ಟೇಬಲ್ಲು.
ಪೆಟ್ಟಿಗೆ, ಮುಚ್ಚಳ, ತಿರುಪು, ರಬ್ಬರು ಅವನ ಪಾಲು.
ಅವನ ಪರದೆಯಲ್ಲಿ ಯಾವುದೂ ಮಲಗುವುದಿಲ್ಲ,
ಮೌಸ್ ತಿರುಗಿಸಿದರೆ ಹೊಟ್ಟೆ ಬೆನ್ನು ಎರಡೂ ಕಾಣುತ್ತವೆ.

ಮೊದಲ ಸಲ ಬರೀ ಗೆರೆಯ ಫೈಲು ಕಳಿಸಿದ್ದೆ.
ನಾನು ಮಿಲ್ ಅಂದದ್ದು
ಅವನಲ್ಲಿ ಮಿಲಿಮೀಟರ್ ಆಗಿ
ಅಂಗೈಯಗಲದ ಬೋರ್ಡು
ಕೋಣೆ ತುಂಬ ಹಾಸುವ ಜಮಖಾನೆಯಾಯಿತು.
"ಅಕ್ಕಾರ, ಇದರ ಮ್ಯಾಲೆ ಪಂಗ್ತಿ ಕುಂದರಸೋಣೇನ್ರಿ?"

ಆಮೇಲೆ ಸ್ಟೆಪ್ ಫೈಲು ಕಲಿತೆ. ಆಮೇಲೆ ಸೊನ್ನೆಯ ಜಗಳ.
ನನ್ನ ಸೊನ್ನೆ ಎಡಗಡೆಯ ಕೆಳಮೂಲೆ,
ಅವನದು ಮೊದಲ ತಿರುಪಿನ ತೂತಿನ ನಟ್ಟನಡುವೆ.
ಎರಡು ದಿನ ಮಾತಿಲ್ಲ.
ತೂತೇ ಗೆದ್ದಿತು ಕಡೆಗೆ,
ಮೂಲೆಗೆ ಯಾರೂ ತಿರುಪು ಹಾಕುವುದಿಲ್ಲವಲ್ಲ.

ಆಷಾಢದ ಜಿಟಿಜಿಟಿಯ ಒಂದು ಸಂಜೆ
ಇನ್ನೂರ ಹನ್ನೆರಡು ಭಾಗ ಗೋಡೆ ದಾಟಿದವು.
ಇನ್ನೂರ ಹನ್ನೊಂದಕ್ಕೆ ಮೈ ಇತ್ತು.
ಸಿ ನಾಲ್ಕಕ್ಕೆ ಹೆಸರಿತ್ತು, ಬೆಲೆ ಇತ್ತು,
ಎರಡು ಕಾಲಿಗೆ ಎರಡು ತೂತೂ ಇದ್ದವು.
ಮೈಯೊಂದನ್ನು ಕೊಡಲು ಮರೆತಿದ್ದೆ.
ಹಳದಿ ಸಾಲೊಂದು ಎಚ್ಚರಿಸಿತ್ತು, ನಿಜ.
ಮೂರನೇ ಗೇಟು ಬೀಳುವ ಮೊದಲು ಹಳಿ ದಾಟಬೇಕಿತ್ತು ನನಗೆ.
ಸರಿ ಅಂತ ಒತ್ತಿ ಎದ್ದೆ.

ಅವನ ಪರದೆಯಲ್ಲಿ ಮುಚ್ಚಳ ತೆಪ್ಪಗೆ ಕೂತಿತು.
ಫೌಂಡ್ರಿಯಲ್ಲಿ ನಲವತ್ತು ಹೊಯ್ದರು, ಅಲ್ಯುಮಿನಿಯಮ್ಮಿನವು.

ಬೆಂಚಿನ ಮೇಲೆ ಮೊದಲನೆಯದನ್ನು ಇಟ್ಟು ಒತ್ತಿದರೆ
ಟಕ್.
ಮೂರು ಮಿಲಿಮೀಟರ್ ಬಾಯಿ ತೆರೆದು ನಿಂತಿತು ಪೆಟ್ಟಿಗೆ.
ಒಳಗೆ ಸಿ ನಾಲ್ಕು, ಕರಿ ಡಬ್ಬಿ,
ಕ್ಲಾಸಿನಲ್ಲಿ ಹೆಸರು ಕರೆಯದ ಹುಡುಗನಂತೆ
ಎದ್ದು ನಿಂತಿದೆ.

ಪುಂಡಲೀಕ ಬೈಯಲಿಲ್ಲ.
ವರ್ನಿಯರ್ ತಂದು ನನ್ನ ಕೈಗೇ ಕೊಟ್ಟ.
"ನೀವs ಓದ್ರಿ."
ಮೂವತ್ತೈದು ಪಾಯಿಂಟ್ ನಾಲ್ಕು, ಓದಿದೆ.
"ನಿಮ್ಮೂರಾಗ ಎಲ್ಲಾರೂ ಮಲಗೇ ಇರ್ತಾರ.
ನಮ್ಮ ಕಡೆ ಬಂದ್ರ ಎದ್ದು ನಿಂದರ್ತಾರ್ರಿ."

ನಲವತ್ತೂ ಮುಚ್ಚಳ ಮತ್ತೆ ಮೂಸೆಗೆ ಹೋದವು.
ಮೋನಪ್ಪ ಬಡಿಗೇರ ಕಟ್ಟಿಗೆಯ ಮಾದರಿ ಇಳಿಸಿಕೊಂಡು
ಬೆನ್ನಿಗೊಂದು ತೇಗದ ಬಿಲ್ಲೆ ಅಂಟಿಸಿ
ಅಂಚಿಗೆ ಹೆಬ್ಬೆರಳಲ್ಲಿ ಮೇಣ ತೀಡಿದ.
ಅವನ ಅಳತೆಪಟ್ಟಿ ಎತ್ತಿಕೊಂಡೆ, ನಮ್ಮದಕ್ಕೆ ಹೊಂದಲಿಲ್ಲ.
ಅದರ ನೂರು ನಮ್ಮ ನೂರ ಒಂದೂ ಕಾಲು.
"ಪಟ್ಟಿ ಖೊಟ್ಟಿ ಅಲ್ಲವಾ ಯವ್ವಾ.
ಆರಿದ ಮ್ಯಾಲೆ ಲೋಹ ಕುಗ್ಗತೈತಿ,
ಅದಕ್ಕ ನಾ ಮೊದಲs ಸುಳ್ಳು ಹೇಳಿರ್ತೀನಿ."

ಮೂವತ್ತು ವರ್ಷದ ಆ ಸುಳ್ಳಿನ ಅಂಚು
ಹಿಡಿದು ಹಿಡಿದು ನುಣುಪಾಗಿತ್ತು.

ಈಗ ಮುಚ್ಚಳದ ಮೇಲೊಂದು ಉಬ್ಬು,
ಕವುಚಿಟ್ಟ ಕುಂಕುಮದ ಬಟ್ಟಲಿನಷ್ಟು.
ಗಿರಾಕಿ ಕೇಳಿದ, ಇದು ಶಾಖ ಹೊರಹೋಗಲಿಕ್ಕಾ?
ಸಾಹೇಬರು ಹೂಂ ಅಂದರು. ನಾನು ಕಿಟಕಿ ನೋಡಿದೆ.
ಕೆಳಗೆ ಜೋಡಿಸುವವರ ಬಾಯಲ್ಲಿ ಅದು
ಸಾವಂತ್ರಕ್ಕನ ಗುಬುಟು.

ಮೊನ್ನೆ ಹೊಸ ಡ್ರಾಯಿಂಗು ಬಂತು ಸಹಿಗೆ.
ಉಬ್ಬಿನಿಂದ ಹೊರಟ ಸಣ್ಣ ಬಾಣದ ತುದಿಯಲ್ಲಿ
ಯಾರೋ ಅದೇ ಹೆಸರು ಬರೆದಿದ್ದಾರೆ.
ಅಳಿಸಲು ರಬ್ಬರು ಹುಡುಕಿದೆ,
ಮತ್ತೆ ಬಿಟ್ಟೆ.
ಪಕ್ಕದಲ್ಲಿ ಎತ್ತರ ಬರೆದಿರಲಿಲ್ಲ.
ಅದನ್ನು ತುಂಬಿದೆ.